ಹೊಸ್ತಿಲು ದಾಟಿದರೆ ಹಗುರಾಗುವ ಹಾಲಿನ ಕ್ರೇಟು

ಒಂದೇ ಹಾಲಿನ ಕ್ರೇಟಿಗೆ ಎರಡು ತೂಕ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟುಗಳ ಸಮಾನ ವೇತನದ ಕೋರ್ಟು ವ್ಯಾಜ್ಯ ಓದಿದ ಮೇಲೆ. ಗೋದಾಮಿನಲ್ಲಿ ಎತ್ತಿ ಲಾರಿಗೆ ಹೇರುವಾಗ ಅದು ಮಣಭಾರ. ಲಾರಿ ಅಂಗಡಿಯ ಹಿಂದೆ ಬಂದು ನಿಂತು, ಕ್ರೇಟು ಹಿಂಬಾಗಿಲ ಹೊಸ್ತಿಲು ದಾಟಿತೋ, ಹತ್ತಿಯಷ್ಟು ಹಗುರ. ಗೋದಾಮಿನಲ್ಲಿ ಎತ್ತುವವರು ಹೆಚ್ಚಾಗಿ ಗಂಡಸರು, ಅಂಗಡಿಯಲ್ಲಿ ಎತ್ತುವವರು ಹೆಚ್ಚಾಗಿ ಹೆಂಗಸರು ಅನ್ನುವುದಕ್ಕೂ ಈ ಪವಾಡಕ್ಕೂ ಸಂಬಂಧವೇ ಇಲ್ಲ ಅನ್ನುವುದು ಕಂಪನಿಗಳ ವಾದ. ಆಸ್ಡಾ ಸೂಪರ್‌ಮಾರ್ಕೆಟ್ಟಿನ ಮೇಲೆ ದಾವೆ ಹೂಡಿದ ಅಂಗಡಿ ಕೆಲಸಗಾರರ ಲೆಕ್ಕದಲ್ಲಿ ಆ ಹೊಸ್ತಿಲಿನ ಬೆಲೆ, ಅಂದರೆ ಸಂಬಳದ ಅಂತರ, ಗಂಟೆಗೆ ಒಂದೂವರೆಯಿಂದ ಮೂರು ಪೌಂಡ್.

ನನ್ನ ಅಕ್ಕನ ಮಗಳು ಲೆಸ್ಟರ್‌ನಲ್ಲಿ ಎಂಎಸ್‌ಸಿ ಓದುತ್ತಿದ್ದಾಳೆ. ವೀಸಾದ ನಿಯಮದಂತೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಆ 20 ಗಂಟೆಯನ್ನು ಬೇರೊಂದು ಸೂಪರ್‌ಮಾರ್ಕೆಟ್ಟಿಗೆ ಕೊಟ್ಟಿದ್ದಾಳೆ, ಹೆಸರು ಬೇಡ. "ಮಾಮ, ಇಲ್ಲಿ ನಮ್ಮನ್ನ ಕೆಲಸದವರು ಅನ್ನಲ್ಲ, ಕಲೀಗ್ ಅಂತಾರೆ" ಅಂದಳು ಮೊದಲ ವಾರ, ಹೆಮ್ಮೆಯಿಂದ. ಎರಡನೇ ವಾರ ಫೋನಿನಲ್ಲಿ ಹೆಮ್ಮೆ ಇರಲಿಲ್ಲ, ಸೊಂಟನೋವು ಇತ್ತು. ಆಳೆತ್ತರದ ಕಬ್ಬಿಣದ ಕೇಜಿನ ತುಂಬ ಹಾಲಿನ ಕ್ಯಾನು; ಒಂದೊಂದೂ ಎರಡು ಲೀಟರ್ ಚಿಲ್ಲರೆ. ಕೇಜಿನ ನಾಲ್ಕು ಗಾಲಿಗಳಲ್ಲಿ ಒಂದು ಮಾತ್ರ ತನ್ನದೇ ದಿಕ್ಕಿಗೆ ಹೋಗುತ್ತದೆ. ಅದನ್ನು ಎಳೆದು ತಂದು, ಹಳೇ ತಾರೀಖಿನದು ಮುಂದೆ, ಹೊಸ ತಾರೀಖಿನದು ಹಿಂದೆ ಜೋಡಿಸಬೇಕು. ಅಷ್ಟರಲ್ಲಿ ಕರೆ ಬರುತ್ತದೆ. ನಾವೇ ಬಿಲ್ ಮಾಡಿಕೊಳ್ಳುವ ಮೆಷಿನ್ನುಗಳಿವೆಯಲ್ಲ, ಆರಕ್ಕೂ ಇವಳೊಬ್ಬಳೇ ಕಾವಲು. ಒಂದರಲ್ಲಿ ಕೆಂಪು ದೀಪ: ವೈನ್ ಹಿಡಿದ ಹುಡುಗನಿಗೆ 18 ತುಂಬಿದೆಯೇ ನೋಡಬೇಕು. ಇನ್ನೊಂದರಲ್ಲಿ ಬಾಳೆಹಣ್ಣಿನ ತೂಕ ಒಪ್ಪುತ್ತಿಲ್ಲ. ಮೂರನೆಯದರ ಮುಂದೆ ಒಬ್ಬ ಅಜ್ಜ, ಮೆಷಿನ್ನಿಗೆ ಬಯ್ಯಲಾಗದೆ ಇವಳಿಗೇ ಬಯ್ಯುತ್ತಿದ್ದಾನೆ. ಇವಳು ನಗುತ್ತಿರಬೇಕು. ಗೋದಾಮಿನವನು ಕ್ರೇಟಿಗೆ ನಗುಮುಖ ತೋರಿಸಬೇಕಿಲ್ಲ. ಕ್ರೇಟೂ ಅವನಿಗೆ ಬಯ್ಯುವುದಿಲ್ಲ.

ಹಾಗಂತ ಗೋದಾಮಿನ ಕೆಲಸ ಸುಲಭ ಅಂತಲ್ಲ. ಆ ಪುಣ್ಯಾತ್ಮರ ಸಂಬಳ ಇಳಿಸಿ ಅಂತ ಯಾರೂ ಕೇಳಿಲ್ಲ. ಕೇಳಿದ್ದು ಇಷ್ಟೇ: ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ಬಿಡಿ ಟೊಮ್ಯಾಟೊವನ್ನು ಗ್ರಾಂ ಲೆಕ್ಕದಲ್ಲಿ ತೂಗುವ, ಬೀನ್ಸ್ ಡಬ್ಬಿಯ ಮೇಲೆ ಒಂದು ಪೆನ್ನಿ ಅತ್ತಿತ್ತ ಆಗದಂತೆ ಕಾಯುವ ಅಂಗಡಿಗಳಿಗೆ ಇದೊಂದು ತೂಕ ಮಾತ್ರ ಹತ್ತು ವರ್ಷವಾದರೂ ಸಿಗಲಿಲ್ಲ.

ಹತ್ತು ವರ್ಷ ಅಂದದ್ದು ಮಾತಿನ ಭರಾಟೆಗಲ್ಲ. ಆಸ್ಡಾ ಮೇಲೆ ದಾವೆ ಬಿದ್ದದ್ದು 2014ರಲ್ಲಿ. ಅಲ್ಲಿನ ಕಾನೂನಿನಲ್ಲಿ ಇದಕ್ಕೆ ಮೂರು ಮೆಟ್ಟಿಲು, ನಮ್ಮ ಕಡೆ ಸಂಬಂಧ ಕುದುರಿಸಿದ ಹಾಗೆ. ಮೊದಲು ಗೋತ್ರ: ಇವರಿಬ್ಬರನ್ನು ಜೋಡಿಸಿ ನೋಡಬಹುದೇ? ಆಮೇಲೆ ಜಾತಕ: ಎರಡು ಕೆಲಸಗಳ ಮೌಲ್ಯ ಸಮವೇ? ಕೊನೆಗೆ ಮಾತುಕತೆ: ಸಂಬಳದ ಅಂತರಕ್ಕೆ ಗಂಡು ಹೆಣ್ಣೆಂಬ ಭೇದ ಬಿಟ್ಟು ಬೇರೆ ಕಾರಣ ಉಂಟೇ?

ಗೋತ್ರ ನೋಡುವುದಕ್ಕೇ ಏಳು ವರ್ಷ ಹಿಡಿಯಿತು. 2016ರಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕ ನ್ಯಾಯಮಂಡಳಿ "ಹೋಲಿಸಬಹುದು" ಅಂದಿತು. ಕಂಪನಿ ಮೇಲ್ಮನವಿ ಹಾಕಿತು. 2017ರಲ್ಲಿ ಮೇಲಿನವರೂ ಹೌದೆಂದರು. ಮತ್ತೆ ಮೇಲ್ಮನವಿ. 2019ರಲ್ಲಿ ಅದಕ್ಕೂ ಮೇಲಿನವರು ಹೌದೆಂದರು. ಅಂಗಡಿ ಬೇರೆ ಜಾಗದಲ್ಲಿದೆ, ಗೋದಾಮು ಬೇರೆ ಜಾಗದಲ್ಲಿದೆ, ಎರಡೂ ಬೇರೆ ಬೇರೆ ವ್ಯವಹಾರ ಅನ್ನುತ್ತ ಕಂಪನಿ ಸುಪ್ರೀಂ ಕೋರ್ಟಿಗೂ ಹೋಯಿತು. ಬ್ರಿಟನ್ನಿನ ಅತಿ ದೊಡ್ಡ ನ್ಯಾಯಾಧೀಶರು ಗಂಭೀರವಾಗಿ ಕೂತು, ಗೋದಾಮಿನವರನ್ನು ತಂದು ಅಂಗಡಿಯ ಜಾಗದಲ್ಲೇ ಕೆಲಸಕ್ಕೆ ಹಚ್ಚಿದರೆ ಆಗಲೂ ಅವರಿಗೆ ಗೋದಾಮಿನ ಸಂಬಳವೇ ಇರುತ್ತಿತ್ತೇ ಅಂತ ಊಹಿಸಿಕೊಂಡರು. ಇರುತ್ತಿತ್ತು. 2021ರ ಮಾರ್ಚ್ 26ರಂದು ತೀರ್ಪು ಬಂತು: ಹೋಲಿಸಬಹುದು. ಸಂಬಳ ಸಮ ಮಾಡಿ ಅಂತಲ್ಲ, ಬರೀ ಹೋಲಿಸಬಹುದು ಅಂತ. ಇದು ಹೊಸ್ತಿಲಿನ ಪರೀಕ್ಷೆ ಮಾತ್ರ ಅಂತ ತೀರ್ಪು ಬರೆದ ಲೇಡಿ ಆರ್ಡನ್ ನೆನಪಿಸಿದರು. ಹೊಸ್ತಿಲಲ್ಲೇ ಏಳು ವರ್ಷ ನಿಂತವರ ಕಾಲು ಎಷ್ಟು ನೊಂದಿತ್ತು ಅಂತ ನನ್ನ ಸೋದರ ಸೊಸೆಯನ್ನು ಕೇಳಿದರೆ ಹೇಳುತ್ತಾಳೆ.

ಅಷ್ಟರಲ್ಲಿ ಕಂಪನಿಯ ಮಾಲೀಕರೇ ಬದಲಾದರು. ಅಮೆರಿಕದ ವಾಲ್‌ಮಾರ್ಟ್ ಅದರ ಬಹುಪಾಲನ್ನು ಮಾರಿಬಿಟ್ಟಿತು. ದಾವೆ ಬಿದ್ದಾಗಿನಿಂದ ದೇಶದ ಪ್ರಧಾನಿಗಳು ಐದು ಸಲ ಬದಲಾದರು. ಅವರಲ್ಲೊಬ್ಬರ ಅಧಿಕಾರ ಸೂಪರ್‌ಮಾರ್ಕೆಟ್ಟಿನಿಂದ ತಂದಿಟ್ಟ ಒಂದು ಲೆಟಿಸ್ ಬಾಡುವ ಮೊದಲೇ ಮುಗಿಯಿತು. ವ್ಯಾಜ್ಯ ಮಾತ್ರ ಫ್ರೀಜರಿನಲ್ಲಿಟ್ಟ ಬಟಾಣಿಯಂತೆ ತಾಜಾ ಇದೆ.

ಜಾತಕದ ಹಂತ ಇನ್ನೂ ಸೊಗಸು. ತಜ್ಞರು ಬಂದು ಒಂದೊಂದು ಹುದ್ದೆಯ ಕೆಲಸವನ್ನೂ ಬಿಡಿಸಿ ಬಿಡಿಸಿ ಬರೆದು ಅಂಕ ಹಾಕುತ್ತಾರೆ. ಬಗ್ಗುವುದಕ್ಕೆ ಇಷ್ಟು, ಎತ್ತುವುದಕ್ಕೆ ಇಷ್ಟು, ಜವಾಬ್ದಾರಿಗೆ ಇಷ್ಟು, ಮನಸ್ಸಿನ ಮೇಲೆ ಬೀಳುವ ಹೊರೆಗೆ ಇಷ್ಟು. 2025ರ ಜನವರಿಯಲ್ಲಿ ನ್ಯಾಯಮಂಡಳಿ ಹೇಳಿತು: ಮಾದರಿಗೆ ತೆಗೆದುಕೊಂಡ ಅಂಗಡಿ ಹುದ್ದೆಗಳಲ್ಲಿ ಎಲ್ಲವೂ ಅಲ್ಲದಿದ್ದರೂ ಬಹುಪಾಲು ಗೋದಾಮಿನ ಕೆಲಸಕ್ಕೆ ಸಮ. ದಾವೆ ಹೂಡಿದವರು ಆ ಹೊತ್ತಿಗೆ 60 ಸಾವಿರ ದಾಟಿದ್ದರು. ಹಾಗಾದರೆ ದುಡ್ಡು? ತಾಳಿ, ಮೂರನೇ ಮೆಟ್ಟಿಲು ಬಾಕಿ ಇದೆಯಲ್ಲ!

ಆ ಮೆಟ್ಟಿಲಲ್ಲಿ ಕಂಪನಿಗಳು ಕೈಗೆ ತೆಗೆದುಕೊಳ್ಳುವ ಆಯುಧ "ಮಾರುಕಟ್ಟೆ ದರ". ನಾವೇನು ಮಾಡೋಣ ಸ್ವಾಮಿ, ಗೋದಾಮಿನ ಕೆಲಸಕ್ಕೆ ಮಾರುಕಟ್ಟೆಯಲ್ಲಿ ರೇಟು ಜಾಸ್ತಿ, ಅಂಗಡಿ ಕೆಲಸಕ್ಕೆ ಕಡಿಮೆ. ಹೆಸರಿನಲ್ಲೇ ಮಾರ್ಕೆಟ್ಟನ್ನು, ಅದೂ ಸೂಪರ್ರನ್ನು, ಹೊತ್ತವರು ಮಾರುಕಟ್ಟೆ ಅಂದರೆ ಎಲ್ಲೋ ಮೇಲಿಂದ ಸುರಿಯುವ ಮಳೆ ಅನ್ನುವಂತೆ ಕೈ ಮೇಲೆತ್ತುತ್ತಾರೆ. ನೆಕ್ಸ್ಟ್ ಎಂಬ ಬಟ್ಟೆ ಅಂಗಡಿಯವರೂ ಇದೇ ವಾದ ಹೂಡಿದ್ದರು. ಅಲ್ಲಿ ಬಿಲ್ಲು ಹಾಕಿ ಬಟ್ಟೆ ತೋರಿಸುವವರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಂಗಸರು. 2024ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯ ಪರವಾಗಿ ತೀರ್ಪು ಕೊಟ್ಟಿತು. ಖರ್ಚು ಉಳಿಸಿ ಲಾಭ ಹೆಚ್ಚಿಸುವ ಆಸೆ ಅಂತರಕ್ಕೆ ಸಾಕಷ್ಟು ಕಾರಣವಲ್ಲ ಅನ್ನುವುದು ಅದರ ಸಾರ. ಆರು ವರ್ಷದ ಹೋರಾಟ ಅದು. ಅದನ್ನು "ಬೇಗ ಬಂದ ತೀರ್ಪು" ಅನ್ನಬೇಕಾಗಿ ಬಂದಿರುವುದು ನಮ್ಮ ಕರ್ಮ.

ಇದೆಲ್ಲ ಹೊಸ ಕಾನೂನಿನ ಬಾಲಗ್ರಹ ಅಂದುಕೊಳ್ಳಬೇಡಿ. 1968ರಲ್ಲಿ ಡ್ಯಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ ಹೆಂಗಸರು, ನಮ್ಮದನ್ನು ಕುಶಲ ಕೆಲಸ ಅಂತ ಒಪ್ಪಿ ಅಂತ ಮೆಷಿನ್ ನಿಲ್ಲಿಸಿದರು. ಸೀಟಿಲ್ಲದೆ ಕಾರು ಹೊರಡಲಿಲ್ಲ, ಸರ್ಕಾರ ಬೆವರಿತು. 1970ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಮಾಲೀಕರಿಗೆ ಹೊಂದಿಕೊಳ್ಳಲು ಸಮಯ ಬೇಕಲ್ಲ, ಪಾಪ, ಜಾರಿಯಾದದ್ದು 1975ರ ಕೊನೆಗೆ. ಹೊಲಿಗೆಯೂ ಕುಶಲ ಕೆಲಸವೇ ಅಂತ ಫೋರ್ಡ್ ಒಪ್ಪಿದ್ದು 1984ರಲ್ಲಿ, ಅದೂ ಇನ್ನೊಂದು ಮುಷ್ಕರ ಆದ ಮೇಲೆ.

ಆಸ್ಡಾದ ಹಳೆಯ ಜಾಹೀರಾತೊಂದಿದೆ, ಅಲ್ಲಿ ಮನೆಮಾತು. ಗಿರಾಕಿ ಸಾಮಾನು ಕೊಂಡು ಹೊರಬಂದು ಪ್ಯಾಂಟಿನ ಹಿಂದಿನ ಜೇಬನ್ನು ಎರಡು ಸಲ ತಟ್ಟುತ್ತಾರೆ, ಚಿಲ್ಲರೆ ಝಣ್ ಅನ್ನುತ್ತದೆ. ಉಳಿತಾಯದ ಸದ್ದು. ಮೊನ್ನೆ ಫೋನಿನಲ್ಲಿ ಇದನ್ನು ಸೋದರ ಸೊಸೆಗೆ ಹೇಳಿ, ನಿಮ್ಮಂಥವರು ಗೆದ್ದರೆ ನೀನೂ ಹಾಗೆ ತಟ್ಟಬಹುದು ಅಂದೆ.

"ನಮ್ಮ ಅಂಗಡೀಲಿ ಆಗಲ್ಲ ಮಾಮ," ಅಂದಳು. "ಗಲ್ಲಾದಲ್ಲಿ ಕೂರೋರು ಜೇಬಲ್ಲಿ ಕಾಸು ಇಟ್ಕೋಬಾರದು ಅಂತ ರೂಲ್ಸು."