ಮೇಣದಬತ್ತಿ ಹಚ್ಚೀರಿ, ಐಸ್ ಎಲ್ಲೈತ್ರಿ?

ವಿಜಯಪುರದಾಗ ಟೆರೇಸ್ ಮ್ಯಾಲ ಜೋಡಿಗಳಿಗಂತ ಒಂದು ರಾತ್ರಿಯ ಡಿನ್ನರ್. ಒಂದೊಂದು ಪದಾರ್ಥಕ್ಕ ಒಂದೊಂದು ವೈನ್. ಗುಲಾಬಿ ಪಕಳಿ, ಗಿಟಾರ್, ಎಲ್ಲಾ ಚಲೋನ ಇತ್ತು. ರೆಡ್ ವೈನ್ ಮಾತ್ರ ಉಗುರುಬೆಚ್ಚಗ! ಕೇಳಿದ್ರ, "ರೆಡ್ ವೈನ್ ರೂಮ್ ಟೆಂಪರೇಚರಿನ್ಯಾಗ ಕೊಡಬೇಕ್ರಿ" ಅಂತ ಪಾಠ ಬ್ಯಾರೆ.

ಯಾವ ರೂಮ್ ರೀ? ಆ ಮಾತು ಬಂದದ್ದು ಯುರೋಪಿನ ತಣ್ಣನ ಮನಿಗಳಿಂದ. ಅಲ್ಲಿ ಲೆಕ್ಕ 16ರಿಂದ 18 ಡಿಗ್ರಿ. ನಮ್ಮ ಬ್ಯಾಸಗಿ ಟೆರೇಸ್ ದಿನಪೂರ್ತಿ ಕಾದಿರ್ತೈತಿ. ವೈನ್ ಬೆಚ್ಚಗಾದ್ರ ಮೊದಲ ಆಲ್ಕೋಹಾಲ್ ಘಾಟು ಮೂಗಿಗೆ ಬಡಿತೈತಿ, ಹಣ್ಣಿನ ವಾಸನಿ ಅದರ ಕೆಳಗ ಮುಚ್ಚಿ ಹೋಗ್ತೈತಿ.

ಇದಕ್ಕ ಮಷಿನ್ ಏನೂ ಬ್ಯಾಡ್ರಿ. ಬಕೆಟಿಗೆ ಅರ್ಧ ಐಸ್, ಅರ್ಧ ನೀರು, ಮ್ಯಾಲ ಒಂದು ಮುಷ್ಟಿ ಉಪ್ಪು. ಬಾಟಲಿ ಕುತ್ತಿಗಿ ತನಕ ಮುಳುಗಬೇಕು. ರೆಡ್‌ಗೆ 10–15 ನಿಮಿಷ, ವೈಟ್‌ಗೆ ಅರ್ಧ ತಾಸು. ಬರೇ ಐಸ್ ತುಂಬಿದ್ರ ನಡುವ ಗಾಳಿ ಉಳಿತೈತಿ, ಬಾಟಲಿಗೆ ತಂಪು ಲಗೂನ ಹತ್ತೂದಿಲ್ಲ. ಅಲ್ಲಿ ಬಕೆಟ್ ಇತ್ತು, ಅದರಾಗ ಹೂವು ಇಟ್ಟಿದ್ರು.

ಗ್ಲಾಸ್ ತುಂಬಿ ಸುರಿಯೋದೂ ತಪ್ಪು. ಮಾತಾಡ್ಕೋತ ಕುಂತ್ರ ಅದು ಮತ್ತ ಕಾಯ್ತೈತಿ. 75 ಮಿ.ಲೀ. ಸಾಕು. 750 ಮಿ.ಲೀ. ಬಾಟಲಿಗೆ ಹತ್ತು ಗ್ಲಾಸ್, ಅಂದ್ರ ಐದು ಜೋಡಿಗೆ ಒಂದು ಬಾಟಲಿ. ರೊಕ್ಕನೂ ಉಳಿತೈತಿ.

"ಬಂದವ್ರು ಫೋಟೋ ತಗೊಳ್ಳಾಕ ಬಂದಿರ್ತಾರ, ಡಿಗ್ರಿ ಯಾರ್ ನೋಡ್ತಾರ?" ಅಂತೀರಿ. ಹಂಗಿದ್ರ ಬೀಟ್‌ರೂಟ್ ಜ್ಯೂಸ್ ಹಾಕಿ ಕೊಡ್ರಿ, ಫೋಟೋದಾಗ ಇನ್ನೂ ಕೆಂಪಗ ಬರ್ತೈತಿ. ವೈನಿನ ರೊಕ್ಕ ತಗೊಂಡ ಮ್ಯಾಲ ವೈನ್ ನೆಟ್ಟಗಿರಬೇಕು.

ಅದೇ ಬೆಚ್ಚನ ರೆಡ್ ವೈನ್, ಕ್ಯಾಬರ್ನೆ ಅಂತ ಅದರ ಹೆಸರು, ಅದನ್ನ ಎಣ್ಣಿಗಾಯಿ ಬದನಿಕಾಯಿ ಜೋಡಿ ಕೊಟ್ರು ನೋಡ್ರಿ, ತಲಿ ಕೆಡ್ತು. ಖಾರಕ್ಕ ಆಲ್ಕೋಹಾಲ್ ಕೂಡಿದ್ರ ಬಾಯಿ ಇನ್ನಷ್ಟು ಉರಿತೈತಿ. ಕ್ಯಾಬರ್ನೆಯ ಒಗರಂತೂ ನಾಲಗಿ ಒಣಗಿಸಿಬಿಡ್ತೈತಿ. ಶೇಂಗಾ, ಎಳ್ಳು, ಕೆಂಪಖಾರ ಇರೋ ಪದಾರ್ಥಕ್ಕ ತುಸು ಸಿಹಿ ಇರೋ ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್, 8–10 ಡಿಗ್ರಿಗೆ ತಂಪು ಮಾಡಿ ಕೊಡ್ರಿ. ಸಿಹಿ ಖಾರನ್ನ ಹಿಡಿದಿಡ್ತೈತಿ. ಕ್ಯಾಬರ್ನೆ ಬೇಕ ಬೇಕಂದ್ರ ಖಾರ ಕಡಿಮಿ ಇರೋ ಸುಟ್ಟ ಮಟನ್ ಮಾಡ್ರಿ, ಕೊಬ್ಬು ಒಗರನ್ನ ಮೆತ್ತಗ ಮಾಡ್ತೈತಿ.

ನಡುವ ಒಬ್ರು "ಈ ವೈನ್ ನಮ್ಮ ವಿಜಯಪುರದ ಒಣದ್ರಾಕ್ಷಿ ಹಣ್ಣಿಂದ" ಅಂದ್ರು. ಇಲ್ರೀ. ಒಣಸೋದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಅನ್ನೋ ತಳಿ, ಹಸರು, ಬೀಜ ಇಲ್ಲ. ಕ್ಯಾಬರ್ನೆ ಅಂದ್ರ ಸಣ್ಣ ಕರಿ ಹಣ್ಣು, ದಪ್ಪ ಸಿಪ್ಪಿ, ಒಳಗ ಬೀಜ. ಆ ಬಣ್ಣ, ಒಗರು ಎಲ್ಲಿಂದ ಬರ್ತಾವ ಮತ್ತ?

ಕಡೀಗೆ ಬೆಳಗಾವಿ ಕುಂದಾ, ಅದರ ಜೋಡಿ ಬ್ರೂಟ್ ಸ್ಪಾರ್ಕ್ಲಿಂಗ್, ಅಂದ್ರ ಸಿಹಿ ಇಲ್ಲದಂಗ ಇರೋ ಗುಳ್ಳಿ ಏಳೋ ವೈನ್. ಕುಂದಾ ತಿಂದ ಬಾಯಿಗೆ ಬ್ರೂಟ್ ಹುಣಸಿನೀರು ಆಗ್ತೈತಿ. ಸಿಹಿ ತಿನಿಸಿಗೆ ಅದಕ್ಕಿಂತ ಸಿಹಿ ವೈನೇ ಬೇಕು. ಲೇಟ್ ಹಾರ್ವೆಸ್ಟ್ (ತಡ ಮಾಡಿ ಕೊಯ್ದ ಹಣ್ಣಿನ ಸಿಹಿ ವೈನ್) ಇದ್ರ 50 ಮಿ.ಲೀ. ಕೊಡ್ರಿ. ಇಲ್ಲಂದ್ರ ಕುಂದಾ ಒಂದನ್ನ ಕೊಟ್ಟು ಸುಮ್ಮನ ಕುಂಡ್ರಿ.