ಹೊಸಬರಿಗೆ ಬ್ಲಾಕ್‌ಚೈನ್ ವಿವರಿಸಲು ಹೋಲಿಕೆ ಬೇಕೆ?

ಪರ: ಗುಹೆಯ ಕಥೆ ಬಿಟ್ಟರೆ ಗತಿಯೇನು?

ಈ ಬದಿ ನನ್ನ ಪಾಲಿಗೆ ಬಂದದ್ದು ಇದನ್ನು ಬರೆಯಲು ಬೇರೆ ಯಾರೂ ಒಪ್ಪದ್ದರಿಂದ. ಆದರೂ ಕೂತು ಯೋಚಿಸಿದಾಗ ಹೇಳುವುದಕ್ಕೆ ಒಂದಿಷ್ಟು ಸಿಕ್ಕಿತು.

ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಒಂದೊಂದು ಪ್ರತಿ ಇರುವ, ವ್ಯವಹಾರಗಳನ್ನು ಬ್ಲಾಕ್ ಎಂಬ ಕಟ್ಟುಗಳಲ್ಲಿ ಸರಪಳಿಯಂತೆ ಬರೆದಿಡುವ ಲೆಕ್ಕದ ಪುಸ್ತಕ. ಬ್ಲಾಕ್, ಚೈನ್, ವಾಲೆಟ್, ಕೀ, ಮೈನಿಂಗ್, ಗ್ಯಾಸ್. ಈ ತಂತ್ರಜ್ಞಾನದ ಪದಕೋಶವೇ ಹೋಲಿಕೆಗಳ ಮೂಟೆ. ವಾಲೆಟ್ಟಿನೊಳಗೆ ನಾಣ್ಯವಿಲ್ಲ, ಇರುವುದು ಕೀ ಎಂಬ ಗುಟ್ಟಿನ ಸಂಖ್ಯೆ. ಮೈನಿಂಗಿಗೆ ಗುದ್ದಲಿ ಬೇಕಿಲ್ಲ, ಅದು ಹೊಸ ಬ್ಲಾಕ್ ಸೇರಿಸಲು ಕಂಪ್ಯೂಟರ್‌ಗಳು ಒಗಟು ಬಿಡಿಸುವ ಪೈಪೋಟಿ. ಗ್ಯಾಸ್ ಉರಿಯುವುದಿಲ್ಲ, ಅದು ವ್ಯವಹಾರಕ್ಕೆ ತೆರುವ ಶುಲ್ಕ. ಹೋಲಿಕೆ ಬೇಡ ಎನ್ನುವವರು ಈ ಪದಗಳನ್ನು ಮುಟ್ಟದೆ ಒಂದೇ ಒಂದು ವಾಕ್ಯ ಹೇಳಿ ತೋರಿಸಲಿ.

1990ರ ದಶಕದಲ್ಲಿ ತಾನಾಗಿ ಜಾರಿಯಾಗುವ ಕರಾರಿನ ಕೋಡ್‌ಗೆ ‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂಬ ಹೆಸರು ಕೊಟ್ಟ ಕಂಪ್ಯೂಟರ್ ವಿಜ್ಞಾನಿ ನಿಕ್ ಸಾಬೊ ಕೂಡ ಅದರ ಪೂರ್ವಜ ಎಂದು ತೋರಿಸಿದ್ದು ವೆಂಡಿಂಗ್ ಮೆಷಿನ್ನನ್ನು. ನಾಣ್ಯ ಹಾಕಿ, ಸರಕು ಬೀಳುತ್ತದೆ. ನಡುವೆ ಮಾರುವವನಿಲ್ಲ, ಸಾಕ್ಷಿಯಿಲ್ಲ. ಇಷ್ಟು ಹೇಳಿದರೆ ಅರ್ಧ ಪಾಠ ಮುಗಿಯಿತು.

ಇನ್ನು ಝೀರೊ ನಾಲೆಡ್ಜ್ ಪ್ರೂಫ್, ಅಂದರೆ ಗುಟ್ಟು ಬಿಡದೆ ಗುಟ್ಟು ಗೊತ್ತಿದೆ ಎಂದು ತೋರಿಸುವ ಪುರಾವೆ. ಗೋಲ್ಡ್‌ವಾಸರ್, ಮಿಕಾಲಿ, ರ್‍ಯಾಕಾಫ್ ಎಂಬ ಸಂಶೋಧಕರು ಇದನ್ನು ಮಂಡಿಸಿದ್ದು 1985ರಲ್ಲಿ. ಅದರ ಗಣಿತ ನನಗೂ ಪೂರ್ತಿ ದಕ್ಕಿಲ್ಲ. ಗುಹೆಯ ಕಥೆ ಮಾತ್ರ ಒಮ್ಮೆ ಕೇಳಿದ್ದು ಇವತ್ತಿಗೂ ಮರೆತಿಲ್ಲ. ಬಳೆಯಾಕಾರದ ಗುಹೆ, ಒಳಗೆ ನಡುದಾರಿಯಲ್ಲೊಂದು ಬಾಗಿಲು, ಅದು ತೆರೆಯುವುದು ಮಂತ್ರಕ್ಕೆ. ನಾನು ನಿಮಗೆ ಕಾಣದಂತೆ ಎಡದಿಂದಲೋ ಬಲದಿಂದಲೋ ಒಳಹೋಗುತ್ತೇನೆ. ಹೊರಗಿರುವ ನೀವು ಮನಸ್ಸಿಗೆ ಬಂದಂತೆ ‘ಬಲಗಡೆಯಿಂದ ಬಾ’ ಎಂದೋ ‘ಎಡಗಡೆಯಿಂದ ಬಾ’ ಎಂದೋ ಕೂಗುತ್ತೀರಿ. ಮಂತ್ರ ಗೊತ್ತಿಲ್ಲದಿದ್ದರೆ ನಾನು ಬಚಾವಾಗುವ ಸಾಧ್ಯತೆ ಅರ್ಧಕ್ಕರ್ಧ. 20 ಸಲ ಕೂಗಿದರೂ ತಪ್ಪದೆ ಬಂದರೆ? ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ನನಗೆ ಮಂತ್ರ ಗೊತ್ತಿದೆ ಎಂದು ನಿಮಗೆ ಖಾತ್ರಿಯಾಯಿತು, ಮಂತ್ರ ಮಾತ್ರ ನಿಮ್ಮ ಕಿವಿಗೆ ಬೀಳಲಿಲ್ಲ. 2016ರಲ್ಲಿ ಶುರುವಾದ ಝೀಕ್ಯಾಶ್ ಎಂಬ ಕ್ರಿಪ್ಟೊ ಹಣ, ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬುದನ್ನು ಮುಚ್ಚಿಟ್ಟೂ ಲೆಕ್ಕ ಸರಿಯಿದೆ ಎಂದು ತೋರಿಸುವುದು ಈ ಜಾತಿಯ ಪುರಾವೆಯಿಂದಲೇ.

ಎದುರು ಬದಿಯವರ ಪ್ರಕಾರ ಹೊಸಬರು ಮೊದಲ ದಿನವೇ ಕೀಗಳ ಹಿಂದಿರುವ ಎಲಿಪ್ಟಿಕ್ ಕರ್ವ್ ಗಣಿತ ಕಲಿಯಬೇಕಂತೆ. ಕಲಿಯಲಿ. ಎರಡನೆಯ ದಿನ ತರಗತಿಯಲ್ಲಿ ಎಷ್ಟು ಜನ ಉಳಿಯುತ್ತಾರೋ ನೋಡೋಣ. ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕು, ಒಪ್ಪುತ್ತೇನೆ. ಆದರೆ ನನಗೆ ವಹಿಸಿದ ಕೆಲಸ ಅದಲ್ಲ.

ವಿರೋಧ: ಮುಖವಾಡ ಅಂದೆ, ಮುಖಭಂಗವಾಯಿತು

ಎರಡು ವರ್ಷ ಹೊಸಬರಿಗೆ ಇದೇ ಪಾಠ ಮಾಡಿದವನು ನಾನು. ಹೋಲಿಕೆಗಳ ಮೇಲಿನ ನನ್ನ ಸಿಟ್ಟು ಓದಿ ಬಂದದ್ದಲ್ಲ, ತುಂಬಿದ ತರಗತಿಯಲ್ಲಿ ಮರ್ಯಾದೆ ಹೋಗಿ ಬಂದದ್ದು.

ಅವತ್ತು ಖಾಸಗಿತನದ ಪಾಠ. ‘ಇಲ್ಲಿ ಎಲ್ಲರೂ ಮುಖವಾಡ ಹಾಕಿಕೊಂಡು ಓಡಾಡ್ತಾರೆ, ಹೆಸರಿಲ್ಲ, ಬರೀ ವಿಳಾಸ’ ಎಂದೆ. ವಿಳಾಸ ಹೇಗಿರುತ್ತದೆ ಎಂದು ತೋರಿಸಲು ನನ್ನದೇ ವಾಲೆಟ್ ತೆರೆದು ಪರದೆಯ ಮೇಲೆ ಹಾಕಿದೆ. 42 ಅಕ್ಷರಗಳ ಸಾಲು, ಪಕ್ಕದಲ್ಲಿ ಕ್ಯೂಆರ್ ಕೋಡ್. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅದಕ್ಕೆ ಫೋನ್ ಹಿಡಿದಳು, ಯಾವ ವಿಳಾಸದ ವ್ಯವಹಾರವನ್ನಾದರೂ ಯಾರಿಗಾದರೂ ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ಜಾಲತಾಣದಲ್ಲಿ ಹುಡುಕಿದಳು. ‘ಸರ್, ಇದರಲ್ಲಿರೋದು ಇಷ್ಟೇನಾ?’ ಎಂದಳು. ನಕ್ಕು ಸುಮ್ಮನಾಗಬಹುದಿತ್ತು. ಅವಳು ಕೆಳಗೆ ಸರಿಸುತ್ತಾ ಹೋದಳು. ‘ಈ ಟೋಕನ್ 11 ಸಲ ತಗೊಂಡಿದೀರಿ ಸರ್. ಕೊನೇದು ರಾತ್ರಿ ಎರಡು ಗಂಟೆಗೆ.’

ಆ ಟೋಕನ್‌ಗೆ ಈಗ ಬೆಲೆಯಿಲ್ಲ. ಅದನ್ನೂ ಅವಳೇ ಹೇಳಿದಳು.

ಮುಖವಾಡ ಜಾರಿದರೆ ಕಾಣುವುದು ಆ ಹೊತ್ತಿನ ಮುಖ ಮಾತ್ರ. ವಿಳಾಸ ಯಾರದ್ದೆಂದು ಒಮ್ಮೆ ಗೊತ್ತಾದರೆ ಅದರಿಂದ ಹಿಂದೆ ನಡೆದದ್ದೆಲ್ಲ ನಿಮ್ಮದೆಂದು ಗೊತ್ತಾಗುತ್ತದೆ, ಮುಂದೆ ನಡೆಯುವುದೂ. ನನ್ನ ಹೋಲಿಕೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಹೊಸಬರಿಗೆ ಮೊದಲು ಗೊತ್ತಾಗಬೇಕಾದದ್ದು ಇದೇ.

ಸ್ಕೇಲೆಬಿಲಿಟಿಯ, ಅಂದರೆ ಹೆಚ್ಚು ವ್ಯವಹಾರ ನಿಭಾಯಿಸುವ ಶಕ್ತಿಯ ಪಾಠಕ್ಕೆ ಬಂದರೆ ಎಲ್ಲರದ್ದೂ ಒಂದೇ ರಸ್ತೆ. ವಾಹನ ಹೆಚ್ಚಾದವು, ರಸ್ತೆ ಕಿರಿದು, ಅಗಲ ಮಾಡಿ. ಇದನ್ನು ಕೇಳಿದ ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ: ‘ಹಾಗಾದ್ರೆ ಇನ್ನಷ್ಟು ಕಂಪ್ಯೂಟರ್ ಸೇರಿಸಿದ್ರಾಯ್ತಲ್ಲ ಸರ್?’ ಆಗುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಪ್ರತಿ ಪೂರ್ಣ ನೋಡ್ (ಜಾಲದ ಲೆಕ್ಕವನ್ನೆಲ್ಲ ನೋಡುವ ಕಂಪ್ಯೂಟರ್) ಪ್ರತಿ ವ್ಯವಹಾರವನ್ನೂ ತಾನೇ ಪರಿಶೀಲಿಸುತ್ತದೆ. ಸಾವಿರ ಕಂಪ್ಯೂಟರ್ ಸೇರಿಸಿದರೆ ಅದೇ ಲೆಕ್ಕವನ್ನು ಇನ್ನೂ ಸಾವಿರ ಸಲ ಮಾಡಿದಂತೆ. ಮೈನಿಂಗ್ ಯಂತ್ರ ಹೆಚ್ಚಿಸಿದರೂ ಅಷ್ಟೆ: ಬ್ಲಾಕ್ ಬೇಗ ಬರತೊಡಗಿದರೆ 2,016 ಬ್ಲಾಕ್‌ಗೊಮ್ಮೆ ಒಗಟು ತಾನಾಗಿ ಕಠಿಣವಾಗುತ್ತದೆ, ವೇಗ ಮತ್ತೆ ಸುಮಾರು 10 ನಿಮಿಷಕ್ಕೆ ಒಂದು ಬ್ಲಾಕ್‌ಗೇ ಬಂದು ನಿಲ್ಲುತ್ತದೆ. ಸೆಕೆಂಡಿಗೆ ಸಾಮಾನ್ಯವಾಗಿ ಏಳರ ಆಸುಪಾಸು ವ್ಯವಹಾರ, ಅದರಾಚೆ ಹೆಚ್ಚೇನಿಲ್ಲ. ಸರಿ, ಬ್ಲಾಕನ್ನೇ ದೊಡ್ಡದು ಮಾಡೋಣ ಅಂದಿರಾ? ಸಣ್ಣ ಕಂಪ್ಯೂಟರಿನವರಿಗೆ ಅದರ ಭಾರ ತಡೆಯುವುದಿಲ್ಲ. ಅವರು ಬಿಟ್ಟುಹೋಗುತ್ತಾರೆ, ಉಳಿದ ದೊಡ್ಡವರನ್ನು ನಂಬಬೇಕಾಗುತ್ತದೆ. ಯಾರನ್ನೂ ನಂಬಬೇಕಿಲ್ಲ ಎಂದು ಹೊರಟವರಲ್ಲವೇ ನಾವು? ಈ ಜಗಳವೇ 2017ರ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್ ಕ್ಯಾಶ್ ಎಂಬ ಸರಪಳಿಯನ್ನು ಬೇರೆ ಮಾಡಿತು. ‘ಅಗಲ ಮಾಡಿ’ ಎಂಬ ರಸ್ತೆಯ ಕಥೆಯಲ್ಲಿ ಇದರ ಸುಳಿವೂ ಇಲ್ಲ.

ರೋಲಪ್ ವಿವರಿಸಲು ನನ್ನ ಗೆಳೆಯನೊಬ್ಬ ಅದೇ ರಸ್ತೆಗೆ ಫ್ಲೈಓವರ್ ಕಟ್ಟಿದ. ರೋಲಪ್ ಮಾಡುವುದಿಷ್ಟು: ಲೆಕ್ಕವನ್ನು ಮುಖ್ಯ ಸರಪಳಿಯ ಹೊರಗೆ ಮುಗಿಸಿ, ಅದರ ದತ್ತಾಂಶವನ್ನು ಕಟ್ಟುಕಟ್ಟಾಗಿ ಒಳಗೆ ಹಾಕುತ್ತದೆ. 2024ರ ಮಾರ್ಚ್‌ನಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಇದಕ್ಕೆಂದೇ ‘ಬ್ಲಾಬ್’ ಎಂಬ ಅಗ್ಗದ ಜಾಗ ಮಾಡಿಕೊಟ್ಟಿತು. ಸುಮಾರು 18 ದಿನವಾದ ಮೇಲೆ ನೋಡ್‌ಗಳು ಅದನ್ನು ಅಳಿಸಿಹಾಕಬಹುದು. 18 ದಿನಕ್ಕೆ ಮಾಯವಾಗುವ ಫ್ಲೈಓವರ್!

ಇನ್ನು ಆ ವೆಂಡಿಂಗ್ ಮೆಷಿನ್. 2016ರ ಜೂನ್ 17ರಂದು ಜನರ ಹೂಡಿಕೆ ಒಟ್ಟುಗೂಡಿಸಿದ್ದ ‘ದಿ ಡಿಎಒ’ ಎಂಬ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನಿಂದ ಇಥೀರಿಯಂನ ಹಣವಾದ ಈಥರ್ ಸುಮಾರು 36 ಲಕ್ಷ ಸೋರಿತು. ಯಾರೂ ಬೀಗ ಒಡೆಯಲಿಲ್ಲ. ಕೋಡ್‌ನಲ್ಲಿ ಎರಡು ಕೆಲಸ ಹಿಂದುಮುಂದಾಗಿತ್ತು: ಮೊದಲು ಈಥರ್ ಕಳಿಸು, ಆಮೇಲೆ ಲೆಕ್ಕದಲ್ಲಿ ಕಳೆ. ಪಡೆಯುವ ಕಡೆಯೂ ಒಂದು ಕಾಂಟ್ರ್ಯಾಕ್ಟ್ ಇದ್ದರೆ ಈಥರ್ ಮುಟ್ಟಿದ ತಕ್ಷಣ ಅದರ ಕೋಡ್ ಓಡುತ್ತದೆ. ಅದು ಅಲ್ಲಿಂದಲೇ ‘ಇನ್ನೊಮ್ಮೆ ಕೊಡು’ ಎಂದಿತು. ಲೆಕ್ಕದಲ್ಲಿನ್ನೂ ಹಳೆಯ ಬಾಕಿಯೇ ಇತ್ತು, ಡಿಎಒ ಕೊಟ್ಟಿತು. ಮತ್ತೆ ಕೇಳಿತು, ಮತ್ತೆ ಕೊಟ್ಟಿತು. ಬೀಳುತ್ತಿರುವ ಸರಕೇ ಗಾಳಿಯಲ್ಲಿದ್ದಾಗ ಕೈಚಾಚಿ ಮತ್ತೆ ಬಟನ್ ಒತ್ತುವ ವೆಂಡಿಂಗ್ ಮೆಷಿನ್ ಎಲ್ಲಿದೆ ತೋರಿಸಿ. ಬ್ಲಾಕ್‌ಚೈನ್‌ನಲ್ಲಿ ಬರೆದದ್ದು ಬದಲಾಗದು ಎಂಬ ಮಾತೂ ಮರುತಿಂಗಳೇ ಮುಕ್ಕಾಯಿತು. ಜುಲೈ 20ರ ಹಾರ್ಡ್ ಫೋರ್ಕ್‌ನಲ್ಲಿ, ಅಂದರೆ ನಿಯಮ ಬದಲಿಸಿ ಸರಪಳಿಯನ್ನು ಕವಲೊಡೆಸಿ, ಆ ಈಥರನ್ನು ವಾಪಸ್ ಪಡೆದರು, ಒಪ್ಪದವರು ಇಥೀರಿಯಂ ಕ್ಲಾಸಿಕ್ ಎಂದು ಹಳೆಯ ಸರಪಳಿಯಲ್ಲೇ ಉಳಿದರು.

ಹೆಸರುಗಳೇ ಹೋಲಿಕೆಯಲ್ಲವೇ ಎಂದು ಎದುರು ಬದಿಯವರು ಕೇಳುತ್ತಾರೆ. ಕಂಪ್ಯೂಟರಿಗೆ ಮೌಸ್ ಇದೆ ಎಂದು ಯಾರೂ ಬೆಕ್ಕು ತರುವುದಿಲ್ಲ. ಆ ಮಾತು ಅಲ್ಲಿಗೆ ಬಿಡೋಣ. ಗುಹೆಯ ಕಥೆ ಚೆನ್ನಾಗಿದೆ, ನಾನೂ ಹೇಳುತ್ತಿದ್ದೆ.

ಈಗ ಮೊದಲ ತರಗತಿಯಲ್ಲಿ ಕಥೆಯಿಲ್ಲ. ಎಕ್ಸ್‌ಪ್ಲೋರರ್ ತೆರೆದು ನಿಜವಾದ ಒಂದು ವ್ಯವಹಾರವನ್ನು ಸಾಲುಸಾಲಾಗಿ ಓದಿಸುತ್ತೇನೆ: ಯಾವ ವಿಳಾಸದಿಂದ, ಯಾವುದಕ್ಕೆ, ಎಷ್ಟು, ಗ್ಯಾಸ್ ಎಷ್ಟು ಹೋಯಿತು. ಅದಕ್ಕೆಂದೇ ಹೊಸ ವಿಳಾಸವೊಂದನ್ನು ಮಾಡಿಕೊಂಡಿದ್ದೇನೆ. ಅದರ ಗ್ಯಾಸ್ ಖರ್ಚಿಗೆ ಈಥರ್ ಕಳಿಸಿದ್ದು ಹಳೆಯ ವಿಳಾಸದಿಂದಲೇ ಎಂಬುದನ್ನು ಮುಂದಿನ ತಂಡದವರು ಹತ್ತು ನಿಮಿಷದಲ್ಲಿ ಕಂಡುಹಿಡಿದರು. ಆ 11 ಖರೀದಿಗಳನ್ನೂ.