ಎರಡು ಕೈ, ಎರಡು ಕೆಲಸ

ಉಗಾಂಡಾದ ನೈಋತ್ಯ ಮೂಲೆಯಲ್ಲಿ, ಕಬಾಲೆ ಪಟ್ಟಣದ ಮಗ್ಗುಲಿಗೆ, ಸಮುದ್ರಮಟ್ಟದಿಂದ 1,900 ಮೀಟರಿಗೂ ಹೆಚ್ಚು ಎತ್ತರದಲ್ಲಿ ಬುನ್ಯೋನ್ಯಿ ಸರೋವರವಿದೆ. ಹಿಂದೆಂದೋ ಲಾವಾರಸವು ಕಣಿವೆಗೆ ಅಡ್ಡಗಟ್ಟಿ ನಿಲ್ಲಿಸಿದ ನೀರಾದ್ದರಿಂದ ಅದು ಬೆಟ್ಟಗಳ ಸಂದುಗೊಂದಿಗಳಿಗೆಲ್ಲ ನುಗ್ಗಿದೆ. ನಡುವೆ 29 ದ್ವೀಪಗಳು, ಸುತ್ತ ಬಕಿಗಾ ಜನಾಂಗದ ರೈತರ ಮೆಟ್ಟಿಲು ಹೊಲಗಳು. ಯಾವ ತಿರುವಿನಲ್ಲಿ ನೋಡಿದರೂ ಒಂದು ಚಿತ್ರ ಸಿದ್ಧವಾಗಿಯೇ ಇರುತ್ತದೆ. ತೊಂದರೆಯೆಂದರೆ, ಕ್ಯಾಮೆರಾಕ್ಕೆ ಎರಡು ಕೈ ಬೇಕು, ದೋಣಿಯ ಹುಟ್ಟಿಗೂ ಎರಡು ಕೈ ಬೇಕು.

ಇಲ್ಲಿನ ದೋಣಿ ಒಂದೇ ನೀಲಗಿರಿ ಮರದ ಕಾಂಡವನ್ನು ಕೊರೆದು ಮಾಡಿದ್ದು. (ನಮ್ಮ ಕಡೆ ಅಂತರ್ಜಲ ಹೀರುತ್ತದೆಂದು ಬೈಸಿಕೊಳ್ಳುವ ಮರ ಇಲ್ಲಿ ನೀರಿನ ಮೇಲೆಯೇ ಬದುಕು ನಡೆಸುತ್ತಿದೆ.) ಬಲಗಡೆ ಹುಟ್ಟು ಹಾಕಿದರೆ ಅದರ ಮೂತಿ ಎಡಕ್ಕೆ ತಿರುಗುತ್ತದೆ. ಊರಿನ ಹುಡುಗರು ಪ್ರತಿ ಎಳೆತದ ಕೊನೆಗೆ ಮಣಿಕಟ್ಟನ್ನು ಕೊಂಚ ತಿರುಚಿ ಅದನ್ನು ನೇರಮಾಡಿಕೊಳ್ಳುತ್ತಾರೆ. ಹೊಸಬರ ದೋಣಿ ಮಾತ್ರ ಹರಿಗೋಲಿನಂತೆ ಇದ್ದಲ್ಲೇ ಸುತ್ತುತ್ತದೆ. ಹುಟ್ಟನ್ನು ಮಡಿಲಿಗಿಟ್ಟು ಕ್ಯಾಮೆರಾ ಎತ್ತುವಷ್ಟರಲ್ಲಿ ಎದುರಿಗಿದ್ದ ದ್ವೀಪ ಬೆನ್ನಿಗೆ ಹೋಗಿರುತ್ತದೆ. ಜೊಂಡಿನ ಅಂಚಿನಲ್ಲಿ ಹೊಂಬಣ್ಣದ ಕಿರೀಟ ಹೊತ್ತ ಬೂದು ಕ್ರೌಂಚವೊಂದು ಕಂಡಿತೆನ್ನಿ: ದೇಶದ ಧ್ವಜದ ಮೇಲಿರುವ ಅದರ ಚಿತ್ರ ಒಂದು ಕಾಲೆತ್ತಿ ಸದಾ ನಿಂತೇ ಇರುತ್ತದೆ, ಆದರೆ ಇದು ಯಾರ ಲೆನ್ಸಿಗೂ ಕಾಯುವುದಿಲ್ಲ. ಸಮಭಾಜಕ ವೃತ್ತ ಹತ್ತಿರವಿರುವುದರಿಂದ ಸೂರ್ಯನಿಗೂ ಅವಸರ. ಕಣಿವೆಯ ಮಂಜು ಹರಿದು ಬೆಳಕು ಹದವಾಯಿತೆನ್ನುವಾಗಲೇ ಬಿಸಿಲು ಕಣ್ಣು ಕುಕ್ಕುತ್ತದೆ.

ಅಕಂಪೆನೆ ಎಂಬ ಪುಟ್ಟ ದ್ವೀಪದ ಹತ್ತಿರ ಮಾತ್ರ ಚಿತ್ರ ತೀರ ಸುಲಭವಾಗಿ ಸಿಗುತ್ತದೆ: ಒಂದಿಷ್ಟು ಹುಲ್ಲು, ಒಂದು ಒಂಟಿ ಮರ, ಸುತ್ತ ನೀರು. ಮದುವೆಗೆ ಮೊದಲು ಬಸಿರಾದ ಹುಡುಗಿಯರನ್ನು ಒಂದು ಕಾಲದಲ್ಲಿ ಸಾಯಲೆಂದು ಬಿಟ್ಟುಹೋಗುತ್ತಿದ್ದ ಜಾಗ ಅದು. ವಧುದಕ್ಷಿಣೆಗೆ ದನಗಳನ್ನು ಕೊಡಲಾರದ ಬಡವನೊಬ್ಬ ದೋಣಿಯಲ್ಲಿ ಬಂದು ಕರೆದೊಯ್ದರೆ ಅವಳು ಉಳಿದಳು. ಆ ಕಥೆ ತಿಳಿದ ಮೇಲೆ ಆ ಒಂಟಿ ಮರವನ್ನು ಚೌಕಟ್ಟಿನ ಯಾವ ಮೂಲೆಯಲ್ಲಿಟ್ಟರೆ ಚೆಂದ ಎಂಬ ಲೆಕ್ಕಾಚಾರ ನನಗಂತೂ ಅಸಹ್ಯವೆನಿಸುತ್ತದೆ.

ಸಂತೆಯ ದಿನ ಮೂಟೆಗಳನ್ನು ಹೇರಿಕೊಂಡ ದೋಣಿಗಳು ಸಾಲಾಗಿ ಹೊರಡುತ್ತವೆ. ಅಂಚು ನೀರಿಗೆ ಒಂದು ಗೇಣಷ್ಟೇ ಇದ್ದರೂ ಹುಟ್ಟು ಹಾಕುವ ಹೆಂಗಸರು ಮಾತು ನಿಲ್ಲಿಸುವುದಿಲ್ಲ. ಅವರ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದು ಮರ್ಯಾದೆ. ಕೇಳಬೇಕಾದರೆ ನಮ್ಮ ದೋಣಿ ಅವರ ಕಡೆಗೆ ನೆಟ್ಟಗೆ ಹೋಗಬೇಕು. ಅದು ಒಂದು ಸುತ್ತು ಹಾಕಿ ಮುಗಿಸುವ ಹೊತ್ತಿಗೆ ಅವರು ದಡ ಸೇರಿ ಆಲೂಗೆಡ್ಡೆಯ ಚೌಕಾಸಿಗೆ ಇಳಿದಿರುತ್ತಾರೆ.